ದೇವಿಕಾ ಕೇಳಿದ್ದು ಯಾರನ್ನು?

ಅಬ್ಬಿಗೇರಿಯ ಶಾಲೆಯ ಬಯಲಿನಲ್ಲಿ ಹುಡುಗಿಯರು ಕುಂಟಾಬಿಲ್ಲೆ ಆಡುತ್ತಿದ್ದರು. ಗೋಡೆಗೆ ಒರಗಿ ನಿಂತಿದ್ದ ಆರು ವರ್ಷದ ದೇವಿಕಾ ಧೈರ್ಯ ಮಾಡಿ ಕೇಳಿದಳು, "ನಾನೂ ಬರ್ಲೇನ?"

ಎದುರಿಗಿದ್ದ ಗೌತಮಿ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ಯಾರಿಗೆ ಅಂದಿ?"

"ನಿನಗ."

"ಮತ್ತ ಅತ್ತಾಗ ನೋಡಾಕತ್ತಿ?"

ಎಲ್ಲರೂ ನಕ್ಕರು. ದೇವಿಕಾ ಮತ್ತೆ ಗೋಡೆ ಸೇರಿದಳು. ದಿನಾ ಇದೇ ಸೀನು.

ಅವಳ ಎಡಗಣ್ಣು ಮೂಗಿನ ಕಡೆ ವಾಲಿತ್ತು. ಶಾಲೆಯಲ್ಲಿ ಅದು ಮೆಳ್ಳಗಣ್ಣು, ಮನೆಯಲ್ಲಿ ಅದೃಷ್ಟದ ಕಣ್ಣು. ಅಪ್ಪ ಪ್ರಭುಲಿಂಗಪ್ಪನದು ಕಾಳಿನ ವ್ಯಾಪಾರ. ಬೆಳಿಗ್ಗೆ ಮಗಳನ್ನು ಅಂಗಡಿ ಮುಂದೆ ನಿಲ್ಲಿಸಿ, ಮುಖ ನೋಡಿಯೇ ಕೀಲಿ ತೆಗೆಯುತ್ತಿದ್ದ. ಕೀಲಿ ತೆಗೆದ ಮೇಲೆ ಅವಳ ಕಡೆ ಯಾರೂ ನೋಡುತ್ತಿರಲಿಲ್ಲ.

ಒಂದು ರವಿವಾರ ತಾಯಿಯ ತಮ್ಮ ಫಕೀರೇಶ ಬಂದ. ಗಜೇಂದ್ರಗಡದ ಚಷ್ಮಾ ಅಂಗಡಿಯಲ್ಲಿ ಅವನ ಕೆಲಸ. ಬಾಯಿ ತೆರೆದರೆ ಸಿನಿಮಾ.

"ಫಕೀರೇಶ ಬಂದಾನಂದ್ರ ಕತಿಗೆ ಟರ್ನಿಂಗ್ ಬಂತಂತ ತಿಳ್ಕೋರಿ," ಎಂದು ಬಾಗಿಲಲ್ಲೇ ಕಾಲರ್ ಎತ್ತಿದ.

"ಮೊದ್ಲ ಕಾಲ ತೊಳ್ಕೊ, ಹೀರೋ," ಎಂದಳು ಪ್ರಭುಲಿಂಗಪ್ಪನ ತಾಯಿ, ಅಜ್ಜಿ ಸಿದ್ದವ್ವ.

ಚಹಾ ಕುಡಿಯುತ್ತಾ ಅವನು ದೇವಿಕಾಳನ್ನೇ ನೋಡಿದ. "ಆಯಿ, ಈಕಿನ್ನ ಕಣ್ಣಿನ ಡಾಕ್ಟರಿಗೆ ತೋರಸೋಣ್ರಿ."

"ಸುಮ್ನಿರು. ಈ ಕೂಸು ಹುಟ್ಟಿದ ಮ್ಯಾಲೇನ ನಮ್ಮ ಅಂಗಡಿ ಕೈ ಹಿಡದದ್ದು. ಅದೃಷ್ಟಾನ ಯಾರರ ನೆಟ್ಟಗ ಮಾಡಸ್ತಾರೇನ?"

"ಅದೃಷ್ಟಾ ನಿಮಗ. ಆಕಿಗೇನ ಬಂತ್ರಿ?"

ಫಕೀರೇಶ ಪ್ರಭುಲಿಂಗಪ್ಪನನ್ನು ಹತ್ತಿರ ಕರೆದು, ತನ್ನ ಬೆರಳನ್ನು ದೇವಿಕಾಳ ಮೂಗಿನತ್ತ ಮೆಲ್ಲಗೆ ತಂದ.

"ನೋಡ್ರಿ ಮಾವಾ, ಬಟ್ಟ ಹತ್ರ ಬಂದ್ರ ಎರಡೂ ಕಣ್ಣ ಕೂಡೇ ಒಳಗ ಹೊಳ್ಳತಾವ. ದೂರ ಹೋದ್ರ ಕೂಡೇ ನೆಟ್ಟಗಾಗತಾವ. ದೇವಿಕಾಗ ಹಂಗ ಆಗವಲ್ದು. ಒಂದ ಪರದೆ ಮ್ಯಾಲ ಎರಡು ಪಿಚ್ಚರ್ ಬಿಟ್ಟಂಗ."

"ಹಂಗಾರ ಆಕಿಗೆ ಎರಡೆರಡ ಕಾಣಬೇಕಲ್ಲ?" ಪ್ರಭುಲಿಂಗಪ್ಪ ಕೇಳಿದ.

"ಮೆದುಳು ಭಾಳ ಶಾಣ್ಯಾ ಐತ್ರಿ. ಗದ್ದಲ ಬ್ಯಾಡಂತ ಒಂದು ಪಿಚ್ಚರ್ ಬಂದ್ ಮಾಡತೈತಿ. ವರ್ಷಗಟ್ಲೆ ಹಂಗ ಬಿಟ್ರ ಆ ಕಣ್ಣ ನೋಡೋದನ್ನ ಕಲಿಯೂದ ಇಲ್ಲ."

"ಡೈಲಾಗ್ ಹೊಡಿಬ್ಯಾಡ. ಸೂಜಿ ಬಿದ್ರೂ ಹುಡುಕಿ ಕೊಡ್ತಾಳ ನನ್ನ ಮೊಮ್ಮಗಳು," ಎಂದಳು ಅಜ್ಜಿ.

"ಹಂಗಾರ ಒಂದು ಆಟ ಆಡೂಣು."

ಅಂಗಳದ ಹಗ್ಗದ ಮೇಲೆ ಅಜ್ಜಿಯ ಹಸಿರು ಸೀರೆ ಒಣಗುತ್ತಿತ್ತು. ಫಕೀರೇಶ ಅಜ್ಜಿಯನ್ನು ಅದರಿಂದ ತುಸು ಈಚೆ ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ. ಆಮೇಲೆ ಬಾಗಿಲ ಹತ್ತಿರ ದೇವಿಕಾಳ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಹೇಳಿದ, "ಹೋಗಿ ಆಯಿನ್ನ ಹಿಡಿ."

ಅಜ್ಜಿ ನಗುತ್ತಾ ಎರಡೂ ಕೈ ಚಾಚಿದಳು. ದೇವಿಕಾ ಫಕೀರೇಶನ ಜೊತೆ ತಡವರಿಸುತ್ತಾ ನಡೆದಳು. ಅಜ್ಜಿಯನ್ನು ದಾಟಿ ಹೋಗಿ ಸೀರೆಯನ್ನು ತಬ್ಬಿಕೊಂಡಳು. ಕೆನ್ನೆಗೆ ತಣ್ಣಗೆ ಒದ್ದೆ ತಾಗಿತು.

"ಆಯಿ, ಎಲ್ಲಿ ಹೋದಿ?"

ಅಜ್ಜಿಯ ಕೈಗಳು ಚಾಚಿದಂತೆಯೇ ಇದ್ದವು. ಫಕೀರೇಶ ದೇವಿಕಾಳ ಕಣ್ಣಿನ ಮೇಲಿಂದ ಕೈ ತೆಗೆದ.

"ಪ್ರಭ್ಯಾ, ನಾಳೆ ಅಂಗಡಿ ಬಂದ್ ಇಡು," ಎಂದಳು ಅಜ್ಜಿ. "ದವಾಖಾನಿಗೆ ಹೋಗೂಣು."

ಗದಗಿನ ಕಣ್ಣಿನ ಡಾಕ್ಟರು ಚಷ್ಮಾ ಕೊಟ್ಟರು. ದಿನಾ ಸ್ವಲ್ಪ ಹೊತ್ತು ಒಳ್ಳೆಯ ಕಣ್ಣಿಗೆ ಪಟ್ಟಿ ಹಚ್ಚಿ, ಕೆಲಸವಿಲ್ಲದೆ ಕುಳಿತ ಕಣ್ಣಿಗೆ ಕೆಲಸ ಕೊಡಿ ಎಂದರು. ಪಟ್ಟಿ ಹಚ್ಚಿದಾಗ ದೇವಿಕಾ ಅತ್ತಳು, ಕಿತ್ತೆಸೆದಳು. ಅಜ್ಜಿ ಸೆರಗಿನಿಂದ ತನ್ನದೂ ಒಂದು ಕಣ್ಣು ಕಟ್ಟಿಕೊಂಡು ಪಕ್ಕದಲ್ಲಿ ಕುಳಿತಳು. ಇಬ್ಬರೂ ಒಂದೇ ಮೊರದಲ್ಲಿ ಕಾಳು ಆರಿಸಿದರು. ಚಷ್ಮಾ ಹಾಕಿದಾಗ ಕಣ್ಣು ನೆಟ್ಟಗೆ ನಿಲ್ಲತೊಡಗಿತು. ನೋಟ ಬರಲು ತಿಂಗಳುಗಳೇ ಹಿಡಿದವು.

ಆಮೇಲೊಂದು ದಿನ ಶಾಲೆಯ ಬಯಲಿನಲ್ಲಿ ಅದೇ ಗೋಡೆಯ ಹತ್ತಿರ ನಿಂತು ದೇವಿಕಾ ಕೇಳಿದಳು, "ನಾನೂ ಬರ್ಲೇನ?"

ಗೌತಮಿ ಹಿಂದೆ ತಿರುಗಲಿಲ್ಲ. "ಬಾ. ಚಷ್ಮಾ ಜ್ವಾಕಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗುವಿನ ಒಂದು ಕಣ್ಣು ಮೂಗಿನ ಕಡೆಗೋ ಕಿವಿಯ ಕಡೆಗೋ ವಾಲುತ್ತಿದೆಯೇ? ಅದನ್ನು ಅದೃಷ್ಟ ಎನ್ನಬೇಡಿ, ದೊಡ್ಡದಾದರೆ ಸರಿಹೋಗುತ್ತದೆ ಎಂದು ಕಾಯಬೇಡಿ. ಕೆಲವರಿಗೆ ಚಷ್ಮಾ ಸಾಕು, ಕೆಲವರಿಗೆ ಪಟ್ಟಿ ಬೇಕು, ಇನ್ನು ಕೆಲವರಿಗೆ ಆಪರೇಶನ್. ಅದನ್ನು ಡಾಕ್ಟರು ಹೇಳುತ್ತಾರೆ. ಕರೆದುಕೊಂಡು ಹೋಗುವುದು ನಿಮ್ಮ ಕೆಲಸ. ಎಷ್ಟು ಬೇಗ ತೋರಿಸಿದರೆ ಅಷ್ಟು ಒಳ್ಳೆಯದು. ನಿಮ್ಮೂರ ಶಾಲೆಯ ಗೋಡೆಗೂ ಇವತ್ತು ಯಾವುದೋ ಮಗು ಒರಗಿ ನಿಂತಿರಬಹುದು, ಹೋಗಿ ನೋಡಿ.