ಒರಗಿದ ಮಾವಿಗೆ ಹನ್ನೆರಡು ಕುಂಡ

ಜೂನ್ ಮೊದಲಿಗೆ, ಮಿರಗದ ಮಳೆಗಾಳಿ ಬೀಸಿದ ಮರುದಿನ ಬೆಳಿಗ್ಗೆ ಅನಸುಬಾಯಿ ತೆಂಗಳಿಯ ತನ್ನ ನರ್ಸರಿಯಲ್ಲಿ ನುಗ್ಗೆ ಸಸಿಗಳಿಗೆ ನೀರು ಹಾಕುತ್ತಿದ್ದಳು. ಚಂದ್ರಂಪಳ್ಳಿಯಿಂದ ರೈತ ಮಾಣಿಕಪ್ಪನ ಫೋನ್ ಬಂತು.

“ಅಕ್ಕಾ, ನಮ್ಮ ಆಷಾಢದ ಮಾವು ರಾತ್ರಿ ಬಿತ್ತು. ಇವತ್ತ ಕಡಿಸಿಬಿಡ್ತೀನಿ, ಹೊಲ ಬಿತ್ತೂದದ. ನೀವು ಆ ಗಿಡದ ಮ್ಯಾಲ ಭಾಳ ಆಸೆ ಇಟ್ಟಿದ್ರಿ, ಅದಕ್ಕ ಹೇಳ್ದೆ.”

ಅನಸುಬಾಯಿಯ ಕೈಯಿಂದ ಪೈಪು ಜಾರಿತು. ಊರಿನ ಮಾವೆಲ್ಲ ಮುಗಿದು, ಸಂತೆಯಲ್ಲಿ ಬುಟ್ಟಿಗಳು ಖಾಲಿಯಾದ ಮೇಲೆ ಹಣ್ಣಾಗುವ ಮರ ಅದು. ನಾರಿಲ್ಲದ ತಿರುಳು, ತೆಳು ಸಿಪ್ಪೆ. ಅದರಿಂದ ಕಸಿ ಮಾಡಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದಳು. ಪ್ರತಿ ಸಲ ಏನೋ ಒಂದು ಕೆಲಸ ಅಡ್ಡ ಬರುತ್ತಿತ್ತು.

“ಅಣ್ಣಾ, ನಾ ಬರೂತನ ಕೊಡ್ಲಿ ಮುಟ್ಟಬ್ಯಾಡ್ರಿ!” ಎಂದು ಕೂಗಿ ಸೊಸೆಯನ್ನು ಕರೆದಳು.

ಸೊಸೆ ಸುಮಂಗಲಾ ಸುದ್ದಿ ಕೇಳಿದವಳೇ ನೆರಳುಬಲೆಯ ಕೆಳಗೆ ಓಡಿದಳು. ಮದುವೆಯಾಗಿ ಬಂದ ಮೇಲೆ ಅವಳು ತರಬೇತಿಗೆ ಹೋಗಿ ಓಟೆ ಕಸಿ ಕಲಿತಿದ್ದಳು. ಮಾವಿನ ಓಟೆಯನ್ನು, ಅಂದರೆ ಗೊರಟನ್ನು ಊರಿ, ಹದಿನೈದು ದಿನದ ಎಳೆ ಸಸಿಗೇ ಒಳ್ಳೆಯ ಮರದ ಕಡ್ಡಿಯನ್ನು ಕೂರಿಸಿ ಕಟ್ಟುವ ಕಸಿ ಅದು. ಮಡಿಯಲ್ಲಿ ಸಾಲಾಗಿಟ್ಟ ಮಣ್ಣಿನ ಚೀಲಗಳ ಸಸಿಗಳು ಸರಿಯಾಗಿ ಅದೇ ಹದಕ್ಕೆ ಬಂದಿದ್ದವು.

“ಅತ್ತಿ, ನೋಡ್ರಿಲ್ಲಿ! ಎಲಿ ಇನ್ನಾ ತಾಮ್ರದ ಬಣ್ಣದಾಗೇ ಅವ. ಇವತ್ತ ಕಡ್ಡಿ ತಂದ್ರ ಇವತ್ತೇ ಕಟ್ಟಬಹುದು!”

“ಕಡ್ಡಿ ನೀ ತಗೋ. ನಾ ಕುಂಡ ಒಯ್ತೀನಿ,” ಎಂದಳು ಅತ್ತೆ. ಎರಡು ವರ್ಷದ ನಾಟಿ ಮಾವಿನ ಗಿಡಗಳಿದ್ದ ಹನ್ನೆರಡು ಕುಂಡಗಳನ್ನು ಆಗಲೇ ಹೊರಗೆ ಎಳೆಯುತ್ತಿದ್ದಳು.

“ಬಿದ್ದ ಗಿಡಕ್ಕ ಕುಂಡ ಯಾಕ್ರಿ?”

“ಗಿಡಾನೇ ನೆಲಕ್ಕ ಬಂದದ. ಕುಂಡ ಒಯ್ದು ಕೊಂಬಿ ಪಕ್ಕಾನೇ ಇಟ್ಟು ಎರಡನ್ನೂ ಕೂಡಿಸಿ ಕಟ್ಟೂದು. ನಮ್ಮವ್ವ ಹಂಗೇ ಮಾಡ್ತಿದ್ಳು.”

“ಬೇರೇ ಕಿತ್ತಿದ್ರ?”

“ಎಲ್ಲಾ ಕಿತ್ತಿರಂಗಿಲ್ಲ. ನಡಿ ಜಲ್ದಿ.”

ಊರಿನ ಬಾಬುಮಿಯಾ ತನ್ನ ಮೂರು ಗಾಲಿಯ ಟಂಟಂನಲ್ಲಿ ಹನ್ನೆರಡು ಕುಂಡ, ಇಬ್ಬರು ಹೆಂಗಸರು, ಒದ್ದೆ ಗೋಣಿಚೀಲ ಎಲ್ಲ ತುಂಬಿಕೊಂಡು ಹೊರಟ. “ಅಕ್ಕಾ, ಗಿಡಕ್ಕ ದವಾಖಾನಿ ಒಯ್ಯಾಕತ್ತೀರೇನು?” ಎಂದು ದಾರಿಯುದ್ದಕ್ಕೂ ನಗುತ್ತಿದ್ದ.

ಹೊಲದಲ್ಲಿ ಇಬ್ಬರು ಆಳುಗಳು ಕೊಡಲಿ ಮಸೆಯುತ್ತಿದ್ದರು. ಮರ ಒಂದು ಮಗ್ಗುಲಿಗೆ ಒರಗಿತ್ತು, ಬಲಿಯದ ಕಾಯಿಗಳು ಸುತ್ತ ಉದುರಿದ್ದವು. ಒಂದು ಕಡೆಯ ಬೇರು ಕೆಂಪು ಮಣ್ಣು ಹೊತ್ತು ಗಾಳಿಗೆ ಎದ್ದಿತ್ತು, ಇನ್ನೊಂದು ಕಡೆಯದು ನೆಲದಲ್ಲೇ ಇತ್ತು. ಅನಸುಬಾಯಿ ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರು, ತಣ್ಣನೆಯ ಹಸಿ.

“ಜೀವ ಅದ! ಅಣ್ಣಾ, ಮ್ಯಾಲಿನ ಅರ್ಧ ಕೊಂಬಿ ಕಡಸ್ರಿ, ಭಾರ ಇಳೀತದ. ಎದ್ದ ಬೇರಿಗೆ ಮಣ್ಣು ಹಾಕಸ್ರಿ. ಕೆಳಗಿನ ಕೊಂಬಿ ಎರಡೂವರೆ ತಿಂಗಳು ನಂಗ ಬಿಡ್ರಿ.”

“ಎರಡೂವರೆ ತಿಂಗಳಾ? ತೊಗರಿ ಬಿತ್ತೂದು ಯಾವಾಗ?”

“ಸುತ್ತ ನಾಲ್ಕ ಸಾಲ ಬಿಟ್ಟು ಬಿತ್ರಿ. ನಾಲ್ಕ ಸಾಲ ತೊಗರಿ ಎಲ್ಲರ ಹೊಲದಾಗೂ ಸಿಗ್ತದ. ಈ ಹಣ್ಣು ಎಲ್ಲಿ ಸಿಗ್ತದ್ರಿ?”

ಮಾಣಿಕಪ್ಪ ಮರದ ಸುತ್ತ ಒಂದು ಸುತ್ತು ಹಾಕಿದ. ಟವೆಲಿನಿಂದ ಮುಖ ಒರೆಸಿಕೊಂಡ. “ಆತು. ಕುಂಡಕ್ಕ ನೀರು ನಾನೇ ಹಾಕ್ತೀನಿ,” ಎಂದ.

ಕಡಿದು ಬಿದ್ದ ಮೇಲಿನ ಕೊಂಬೆಗಳಲ್ಲಿ ಸುಮಂಗಲಾ ಕಡ್ಡಿ ಹುಡುಕಿದಳು. ಬಹಳಷ್ಟು ತುದಿಗಳು ತೀರಾ ಎಳಸು. ಮೊಗ್ಗು ಉಬ್ಬಿದ, ಬಲಿತ ಕಡ್ಡಿ ಸಿಕ್ಕಿದ್ದು ಐವತ್ತೆರಡು ಮಾತ್ರ. ಎಲೆ ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿದಳು. ಅತ್ತ ಅನಸುಬಾಯಿ ಕುಂಡದ ಗಿಡದಿಂದಲೂ ಕೊಂಬೆಯಿಂದಲೂ ಎರಡೆರಡು ಇಂಚು ತೊಗಟೆ ಸೀಳಿ ತೆಗೆದು, ಗಾಯಕ್ಕೆ ಗಾಯ ತಾಗಿಸಿ ಬಿಗಿಯಾಗಿ ಕಟ್ಟುತ್ತ ಹೋದಳು.

ತೆಂಗಳಿಗೆ ಮರಳಿದಾಗ ಮಧ್ಯಾಹ್ನ ದಾಟಿತ್ತು. ಸುಮಂಗಲಾ ಊಟಕ್ಕೂ ಏಳಲಿಲ್ಲ. ಸಸಿಯ ತಲೆ ಕತ್ತರಿಸು, ನಡುವೆ ಸೀಳು, ಕಡ್ಡಿಯ ಬುಡವನ್ನು ಬೆಣೆಯಂತೆ ಹೆರೆದು ಸೀಳಿನಲ್ಲಿ ಕೂರಿಸು, ಪ್ಲಾಸ್ಟಿಕ್ ಪಟ್ಟಿ ಸುತ್ತು, ಮೇಲೊಂದು ಸಣ್ಣ ಪ್ಲಾಸ್ಟಿಕ್ ಚೀಲದ ಟೋಪಿ. ಸಂಜೆಯ ಹೊತ್ತಿಗೆ ಐವತ್ತೆರಡೂ ಮುಗಿದವು.

ಹತ್ತನೆಯ ದಿನ ಅವಳು ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಳುತ್ತಿದ್ದಳು. ಹದಿನೈದಕ್ಕೂ ಹೆಚ್ಚು ಸಸಿಗಳ ಬುಡ ಕಪ್ಪಾಗಿ ಮೆತ್ತಗಾಗಿತ್ತು.

ಅನಸುಬಾಯಿ ಒಂದು ಚೀಲದ ಮಣ್ಣನ್ನು ಅಂಗೈಗೆ ಸುರಿದು ಹಿಂಡಿದಳು. ಬೆರಳ ಸಂದಿಯಿಂದ ನೀರು ಇಳಿಯಿತು. “ದಿನಕ್ಕ ಎಷ್ಟು ಸಲ ನೀರು ಹಾಕಿದಿ?”

“ಮೂರು ಸಲ. ಒಣಗ್ತಾವಂತ ಅಂಜಿಕಿ ಆಗಿತ್ರಿ.”

“ಅಂಜಿ ಅಂಜಿ ಮುಳುಗಿಸಿದಿ. ಏಳು, ಅಳೂದು ಆಮ್ಯಾಲ.”

ಇಬ್ಬರೂ ಕೂಡಿ ಕೊಳೆತವನ್ನು ಆರಿಸಿ ದೂರ ಒಯ್ದು ಸುಟ್ಟರು. ಉಳಿದ ಚೀಲಗಳಿಗೆ ಬುಡದಲ್ಲಿ ಇನ್ನಷ್ಟು ತೂತು ಹೊಡೆದು, ಗಾಳಿಯಾಡುವಂತೆ ದೂರ ದೂರ ಇಟ್ಟರು. ಮಣ್ಣು ಮುಟ್ಟಿ ನೋಡದೆ ನೀರು ಹಾಕಬಾರದೆಂದು ಅತ್ತೆ ಕಟ್ಟಪ್ಪಣೆ ಮಾಡಿದಳು. ಆದರೂ ಮತ್ತೆ ಹೆಚ್ಚುಕಡಿಮೆ ಅಷ್ಟೇ ಸಸಿಗಳು ಹೋದವು.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಸುಮಂಗಲಾಳ ಕೂಗಿಗೆ ಅನಸುಬಾಯಿ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಓಡಿ ಬಂದಳು. ಟೋಪಿಯೊಳಗೆ ಹೆಬ್ಬೆಟ್ಟಿನ ಉಗುರಿನಷ್ಟು ಕೆಂಪು ಚಿಗುರು!

“ಇದಕ್ಕೂ ಅದ! ಅತ್ತಿ, ಇಲ್ನೋಡ್ರಿ, ಇದಕ್ಕೂ!” ಸುಮಂಗಲಾ ಸಾಲಿನಿಂದ ಸಾಲಿಗೆ ಜಿಗಿಯುತ್ತಿದ್ದಳು. ಎಣಿಸಿದರೆ ಹತ್ತೊಂಬತ್ತು. ಅತ್ತೆ ಸೊಸೆ ಕೈ ಹಿಡಿದು ನಗುತ್ತಿರುವಾಗ ಒಳಗಿಂದ ಸೀದ ರೊಟ್ಟಿಯ ವಾಸನೆ ಬಂತು. ಇಬ್ಬರೂ ಕದಲಲಿಲ್ಲ.

ಆಗಸ್ಟ್ ಎರಡನೆಯ ವಾರಕ್ಕೆ ಚಂದ್ರಂಪಳ್ಳಿಯ ಕುಂಡಗಳ ಸರದಿ. ಮಾಣಿಕಪ್ಪ ಮುಳ್ಳುಬೇಲಿ ಹಾಕಿ, ಆಡು ಓಡಿಸಿ, ಒಂದು ದಿನವೂ ತಪ್ಪದೆ ನೀರು ಹಾಕಿದ್ದ. ಕೊಂಬೆಯನ್ನು ಒಮ್ಮೆಗೇ ಬೇರ್ಪಡಿಸುವಂತಿಲ್ಲ. ಕಸಿಯ ಕೆಳಗೆ, ತಾಯಿಮರದ ಕಡೆಯ ಕೊಂಬೆಯನ್ನು ಮೊದಲ ವಾರ ಸ್ವಲ್ಪ ಕೊಯ್ದರು, ಎರಡನೆಯ ವಾರ ಅರ್ಧ. ಮೂರನೆಯ ವಾರ ಪೂರ್ತಿ ಕತ್ತರಿಸಬೇಕು.

ಅಂದು ಅನಸುಬಾಯಿ ಚಾಕುವನ್ನು ಸೊಸೆಯ ಕಡೆ ಚಾಚಿದಳು. “ಸುಮಾ, ನೀನೇ ಕೊಯ್ಯಿ.”

“ನಿಮ್ಮ ಕಸಿರಿ ಇವು.”

“ಹತ್ತೊಂಬತ್ತು ಉಳಿಸಿದ ಕೈ ಅದು. ಕೊಯ್ಯಿ.”

ಸುಮಂಗಲಾ ಚಾಕು ಆಡಿಸಿದಳು. ಕೊಂಬೆ ತಾಯಿಮರದಿಂದ ಕಳಚಿ ಕುಂಡದ ಗಿಡದ ಮೇಲೆಯೇ ನಿಂತಿತು. ಹಾಗೇ ಒಂದೊಂದಾಗಿ ಹನ್ನೆರಡನ್ನೂ ಬಿಡಿಸಿದಳು. ಎಲ್ಲರೂ ಎಲೆಗಳನ್ನೇ ನೋಡುತ್ತ ಕೂತರು. ಬಾಬುಮಿಯಾ ಕೂಡ ಟಂಟಂ ಬಿಟ್ಟು ಇಳಿದು ಬಂದ. ಮೂರು ದಿನ ಮಾಣಿಕಪ್ಪ ಹೊತ್ತುಹೊತ್ತಿಗೆ ಫೋನ್ ಮಾಡಿದ. ಒಂದು ಬಾಡಿತು. ಹನ್ನೊಂದು ನೆಟ್ಟಗೆ ನಿಂತವು.

ಕುಂಡ ಒಯ್ಯಲು ಹೋದಾಗ ಮಾಣಿಕಪ್ಪ ಅವರನ್ನು ಮರದ ಬುಡಕ್ಕೆ ಕರೆದೊಯ್ದ. ಮಣ್ಣು ಹಾಕಿದ ಕಡೆಯ ಕಾಂಡದಲ್ಲಿ ಹೊಸ ಚಿಗುರು ಎದ್ದಿತ್ತು. “ಇನ್ನ ಕಡಿಸಂಗಿಲ್ಲಕ್ಕಾ. ಹಿಂಗೇ ಮಲಗಿರ್ಲಿ,” ಎಂದ.

ಸುಮಂಗಲಾ ಆಗಲೇ ಬಾಗಿ ಕೊಂಬೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. “ಅತ್ತಿ, ಇಲ್ಲಿ ಮೂವತ್ತು ಕುಂಡ ಹಿಡೀತಾವ್ರಿ. ನಂಗೂ ನಿಮ್ಮ ಕಸಿ ಕಲಸ್ರಿ.”

“ಮೂವತ್ತಾ?” ಬಾಬುಮಿಯಾ ತನ್ನ ಟಂಟಂ ಕಡೆ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ.