ಮಾಸ್ಯಾನ ಕಣ್ಣು

ಕುಂಚದ ತುದಿಯಲ್ಲಿ ಒಂದು ತೊಟ್ಟು ಕಪ್ಪು ಬಣ್ಣ ಹಿಡಿದುಕೊಂಡು ಎತ್ತಿನ ಮುಖದ ಹತ್ತಿರ ಹೋದ ಜಾಹೀದ್ ಹಾಗೇ ನಿಂತ. ಸ್ಟ್ಯಾಂಡಿನ ಮೇಲಿದ್ದ ಫೋನಿಗೆ ಅವನ ಮೊಣಕೈ ಅಡ್ಡ ಬರುತ್ತಿತ್ತು. ಹಿಂದಕ್ಕೆ ಬಂದು ಫೋನನ್ನು ಒಂದಿಷ್ಟು ಓರೆ ಮಾಡಿದ, ಲೈಟು ಸರಿಪಡಿಸಿದ. ಅಷ್ಟರಲ್ಲಿ ಕುಂಚದ ಬಣ್ಣ ಬಿಗಿದುಕೊಂಡಿತ್ತು. ಬೇರೆ ಕುಂಚ ತೆಗೆದುಕೊಂಡು, ಮೊಣಕೈ ಮೇಲೆತ್ತಿ, ಯಾವ ಪೇಂಟರೂ ಹಿಡಿಯದ ರೀತಿಯಲ್ಲಿ ಅದನ್ನು ಹಿಡಿದು, ಎರಡೂ ಎತ್ತುಗಳ ಕಣ್ಣುಗಳನ್ನು ಒಂದೇ ಉಸಿರಿಗೆ ಇಟ್ಟುಬಿಟ್ಟ. ಫೋನಿನಲ್ಲಿ ಅದು ಬಹಳ ಚೆನ್ನಾಗಿ ಬಂತು.

ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಶೆಡ್ಡುಗಳ ಸಾಲಿದೆ. ಅದರಲ್ಲಿ ಕಡೆಯದು ಜಾಹೀದನದು. ವೆಲ್ಡಿಂಗ್ ಮುಗಿದು ಬಂದ ಟ್ರಾಲಿಗೆ ಬಣ್ಣ ಬಳಿದು, ಪಕ್ಕದಲ್ಲಿ ಹೂಬಳ್ಳಿ, ಮೇಲೆ ದೇವರ ಹೆಸರು, ಹಿಂದಿನ ಡೋರಿನ ಮೇಲೆ ಒಡೆಯ ಕೇಳಿದ ಚಿತ್ರ ಬರೆಯುವುದು ಅವನ ಕಸುಬು. ಕಲಿತದ್ದು ಲಿಂಗಸುಗೂರಿನ ಉಸ್ತಾದರ ಹತ್ತಿರ. ಉಸ್ತಾದರದು ಒಂದು ಪದ್ಧತಿಯಿತ್ತು. ಎತ್ತು ಬರೆಯಬೇಕಾದರೆ ಆ ಎತ್ತಿನ ಹಟ್ಟಿಗೆ ಹೋಗಿ ಕೂತು ನೋಡಿ ಬರಬೇಕು. ಕಣ್ಣೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆಯಬೇಕು. ಒಡೆಯ ಬಂದು, ಎದುರಿಗೆ ನಿಂತು, ಕಾಯಿ ಒಡೆದ ಮೇಲೆಯೇ ಕಣ್ಣು. ಸುತ್ತಲಿನ ರೈತರೆಲ್ಲ ಇದನ್ನು ಬಲ್ಲರು.

ರೀಲ್ಸಿನ ಹುಚ್ಚು ಹತ್ತುವ ತನಕ ಜಾಹೀದನೂ ಹಾಗೇ ನಡೆದುಕೊಂಡು ಬಂದಿದ್ದ. ಕಣ್ಣಿಡುವ ವಿಡಿಯೊವನ್ನೇ ಜನ ಮುಗಿಬಿದ್ದು ನೋಡುತ್ತಾರೆಂದು ಗೊತ್ತಾದ ಮೇಲೆ ಒಡೆಯನಿಗಾಗಿ ಕಾಯುವುದು ಬಿಟ್ಟ. ಹಟ್ಟಿಗೆ ಹೋಗುವುದನ್ನೂ ಬಿಟ್ಟ. "ಫೋಟೊ ವಾಟ್ಸಾಪ್ ಮಾಡ್ರಿ, ಸಾಕು" ಅನ್ನುತ್ತಿದ್ದ. ಬೇಗ ಒಣಗುವ ಬಣ್ಣ, ಬೇಗ ಮುಗಿಯುವ ಚಿತ್ರ, ಅದಕ್ಕಿಂತ ಬೇಗ ಬರುವ ಲೈಕು. ಊಟಕ್ಕೆ ಕೂತರೆ ಎಡಗೈಯಲ್ಲಿ ಫೋನು. ಹೆಂಡತಿ ನಗ್ಮಾ ತಟ್ಟೆಗೆ ಏನು ಬಡಿಸಿದಳೆಂದು ಕೇಳಿದರೆ ತಡವರಿಸುವ ಸ್ಥಿತಿಗೆ ಬಂದಿದ್ದ. ಒಂದು ದಿನ ಅವಳು ಬೇಕೆಂದೇ ಉಪ್ಪಿಲ್ಲದ ಬೇಳೆ ಹಾಕಿ ನೋಡಿದಳು. ಪುಣ್ಯಾತ್ಮ ಎರಡನೇ ಸಲ ಕೇಳಿ ಹಾಕಿಸಿಕೊಂಡು ಉಂಡ. ಅವತ್ತು ಅವಳು ನಕ್ಕಳು. ಆಮೇಲೆ ಅಡುಗೆಮನೆಗೆ ಹೋಗಿ ಉಳಿದ ಬೇಳೆಗೆ ಉಪ್ಪು ಹಾಕಿದಳು.

ಈಗ ಬರೆದದ್ದು ಗೊರೇಬಾಳದ ಕರಿಬಸಯ್ಯನ ಟ್ರಾಲಿ. ನೆಲ್ಲಿನ ಕೊಯ್ಲು ಹತ್ತಿರ ಬಂದಿತ್ತು. ಕರಿಬಸಯ್ಯನ ಮನೆಯಲ್ಲಿ ಒಂದು ಜೋಡಿ ಎತ್ತುಗಳಿದ್ದವು. ಕೆಂಪು ಮೈಯ ಕೆಂದ್ಯಾ, ಬೂದಿ ಬಣ್ಣದ ಮಾಸ್ಯಾ. ಹೊಲಕ್ಕೆ ಟ್ರ್ಯಾಕ್ಟರ್ ಬಂದ ಮೇಲೂ ಅವನ್ನು ಮಾರದೆ ಸಾಕಿಕೊಂಡಿದ್ದರು. ಹೋದ ಬೇಸಿಗೆಯಲ್ಲಿ ಮಾಸ್ಯಾ ಸತ್ತುಹೋದ. ಟ್ರಾಲಿಯ ಹಿಂದೆ ಇಬ್ಬರೂ ಇರಬೇಕು ಅನ್ನುವುದು ಮುದುಕನ ಆಸೆ. ಜೋಡಿ ಕೂಡಿ ನಿಂತ ಫೋಟೊ ಅಂತ ಮನೆಯಲ್ಲಿದ್ದದ್ದು ಒಂದೇ, ಮಾಸ್ಯಾ ಇದ್ದಾಗಿನ ಕಾರಹುಣ್ಣಿಮೆಗೆ ಮೊಮ್ಮಗಳು ಐಶ್ವರ್ಯ ಎತ್ತುಗಳ ಮುಂದೆ ನಿಂತು ತೆಗೆದುಕೊಂಡ ಸೆಲ್ಫಿ. ಅದನ್ನೇ ಅವಳು ಜಾಹೀದನಿಗೆ ಕಳಿಸಿದ್ದಳು.

ಬೆಳಿಗ್ಗೆ ಏಳುವಷ್ಟರಲ್ಲಿ ವಿಡಿಯೊವನ್ನು ಮೂರು ಲಕ್ಷ ಜನ ನೋಡಿದ್ದರು. ಜೀವಂತ ಎತ್ತು ಅಂದವರೆಷ್ಟೋ, ಕೈಗೆ ಬಂಗಾರದ ಕಡಗ ಹಾಕಬೇಕು ಅಂದವರೆಷ್ಟೋ. ಕರಿಬಸಯ್ಯ ಮತ್ತು ಅವನ ಹೆಂಡತಿ ಶೇಖರಮ್ಮ ಆಟೊ ಇಳಿದು ಶೆಡ್ಡಿಗೆ ಬಂದಾಗ ಜಾಹೀದ್ ಅದನ್ನೇ ಓದುತ್ತ ನಿಂತಿದ್ದ. ಶೇಖರಮ್ಮನ ಕೈಚೀಲದಲ್ಲಿ ಕಾಯಿ, ಊದುಬತ್ತಿ, ಒಂದು ಹಿಡಿ ಹೂವು.

"ಬರ್ರಿ ಅಯ್ಯಾರ, ಬರ್ರಿ ಅಮ್ಮಾರ. ನಿಮ್ಮ ಎತ್ತು ಊರೆಲ್ಲಾ ಮೆರಿಯಾಕತ್ತಾವ ನೋಡ್ರಿ" ಎಂದು ಡೋರಿನ ಮೇಲಿನ ಬಟ್ಟೆ ಸರಿಸಿದ.

ಇಬ್ಬರೂ ನೋಡಿದರು. ಕರಿಬಸಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡು ಮತ್ತೊಮ್ಮೆ ನೋಡಿದ.

"ಕಣ್ಣು ಇಟ್ಟುಬಿಟ್ಟೀಯಲ್ಲ, ಜಾಹೀದ" ಎಂದ ಮೆಲ್ಲಗೆ.

"ಲೈಟ್ ಚಲೋ ಇತ್ತು ರೀ, ಅದಕ್ಕ..."

ಶೇಖರಮ್ಮ ಹತ್ತಿರ ಹೋಗಿ ಬಗ್ಗಿ ನೋಡಿದಳು. "ಎಡಕ್ಕ ಹೂಡೋ ಕೆಂದ್ಯಾನ್ನ ಬಲಕ್ಕ ನಿಂದ್ರಿಸ್ಯಾನ. ಮಾಸ್ಯಾಂದು ಎಡಗೊಂಬು ಮುಕ್ಕಾಗಿತ್ತು, ಇಲ್ಲಿ ಬಲಗೊಂಬು ಮುಕ್ಕ ಮಾಡ್ಯಾನ" ಎಂದಳು. ಗಂಡನ ಕಡೆ ತಿರುಗಿ, "ಯಾರ ಎತ್ತೋ ಏನೋ ಇವು. ನಮ್ಮವಲ್ಲ" ಎಂದಳು.

ಜಾಹೀದ್ ಫೋನು ತೆಗೆದು ಆ ಸೆಲ್ಫಿಯನ್ನು ದೊಡ್ಡದು ಮಾಡಿ ತೋರಿಸಿದ. ಫೋಟೊದಲ್ಲಿದ್ದ ಹಾಗೇ ಬರೆದಿದ್ದೇನೆ ಎಂದು ಹೇಳಲು ಬಾಯಿ ತೆರೆದವನ ಕಣ್ಣಿಗೆ ಎತ್ತುಗಳ ಹಿಂದಿನ ಗೋಡೆ ಬಿತ್ತು. ಗೋಡೆಗೆ ಒರಗಿಸಿದ್ದ ಗೊಬ್ಬರದ ಚೀಲದ ಮೇಲೆ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡಿದ್ದವು. ಸೆಲ್ಫಿ ಎಡವನ್ನು ಬಲ ಮಾಡಿತ್ತು, ಬಲವನ್ನು ಎಡ ಮಾಡಿತ್ತು. ದಿನ ಬೆಳಗಾದರೆ ಅಕ್ಷರ ಬರೆಯುವವನು ಇದೇ ಫೋಟೊ ಮುಂದಿಟ್ಟುಕೊಂಡು ಬರೆದಿದ್ದ. ಒಂದು ಅಕ್ಷರವನ್ನೂ ನೋಡಿರಲಿಲ್ಲ.

"ಇರ್ಲಿ ಬಿಡು, ಬಣ್ಣ ಚಂದ ಕುಂತೈತಿ. ಕೊಯ್ಲು ಬಂತು, ಗಾಡಿ ಬೇಕು" ಎಂದ ಕರಿಬಸಯ್ಯ. ಅವನಿಗೆ ಯಾರ ಮನಸ್ಸನ್ನೂ ನೋಯಿಸಲು ಬರುವುದಿಲ್ಲ.

"ಮೂರು ಲಕ್ಷ ಮಂದಿ ನೋಡ್ಯಾರ್ರಿ ಅಮ್ಮಾರ. ಯಾರೂ ತಪ್ಪೈತಿ ಅಂದಿಲ್ಲ" ಎಂದ ಜಾಹೀದ್. ಅಂದ ಮೇಲೆ ಅನ್ನಬಾರದಿತ್ತು ಅನಿಸಿತು.

ಶೇಖರಮ್ಮ ಸಿಟ್ಟು ಮಾಡಲಿಲ್ಲ. "ಅವ್ರೇನು ಮಾಸ್ಯಾಗ ನೀರು ಕುಡಿಸ್ಯಾರೇನು ತಮ್ಮಾ? ಅವ್ರಿಗೆ ಹೆಂಗ ಗೊತ್ತಾಗಬೇಕು" ಎಂದಳು. ಕಾಯಿಯನ್ನು ಹೊರಗೆ ತೆಗೆಯದೆ ಚೀಲದ ಬಾಯಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಆ ಸುತ್ತಿದ ಚೀಲ ಜಾಹೀದನಿಗೆ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು.

"ಕೊಯ್ಲಿನೊಳಗ ಕೊಡ್ತೀನಿ ಅಯ್ಯಾರ. ಈ ಗಾಡಿ ಹಿಂಗ ಒಯ್ಯಬ್ಯಾಡ್ರಿ" ಎಂದ.

ಅವರು ಹೋದ ಮೇಲೆ ಥಿನ್ನರಿನ ಡಬ್ಬಿ, ಪಾಲಿಶ್ ಪೇಪರು ತಂದಿಟ್ಟುಕೊಂಡ. ಅಭ್ಯಾಸಬಲ ನೋಡಿ, ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದುವ ಮೊದಲು ಅವನ ಕೈ ಸ್ಟ್ಯಾಂಡ್ ಎಳೆದು ಫೋನು ಸಿಕ್ಕಿಸಿತ್ತು. ಬರೆಯುವುದಕ್ಕಿಂತ ಅಳಿಸುವ ವಿಡಿಯೊ ಜಾಸ್ತಿ ಓಡುತ್ತದೆ ಎಂದು ಮನಸ್ಸಿನೊಳಗೇ ಲೆಕ್ಕ ಶುರುವಾಗಿತ್ತು. ಬಟನ್ ಒತ್ತುವ ಹೊತ್ತಿಗೆ ಪರದೆಯ ಮೇಲೆ ತನ್ನದೇ ಮುಖ ಕಂಡಿತು. ಎಡ ಬಲವಾಗಿ, ಬಲ ಎಡವಾಗಿ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಶೆಡ್ಡಿನ ಹಿಂದೆಯೇ ಮನೆ. ಫೋನನ್ನು ಒಯ್ದು ನಗ್ಮಾಳ ಕೈಗೆ ಕೊಟ್ಟ. ಎಲ್ಲಾದರೂ ಇಡು, ನಾನು ಕೇಳಿದರೂ ಕೊಡಬೇಡ ಎಂದು ಉರ್ದುವಿನಲ್ಲಿ ಹೇಳಿದ. ಕೆಲಸ ಕೊಡುವವರ ಫೋನು ಬಂದರೆ ಹೇಗೆ ಎಂದು ಅವಳು ಕೇಳಿದಳು. ಹಳೆಯ ಕೀಪ್ಯಾಡ್ ಫೋನಿಗೆ ಹಾಕಿಕೊಳ್ಳುತ್ತೇನೆ ಎಂದು ಸಿಮ್ಮು ತೆಗೆದುಕೊಂಡ. ನಗ್ಮಾ ಅವನ ಮುಖವನ್ನೊಮ್ಮೆ, ಫೋನನ್ನೊಮ್ಮೆ ನೋಡಿ, ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ಅದನ್ನು ತಳದ ತನಕ ಹುಗಿದಳು. ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಇಡಲು ಸ್ಟೂಲು ಹತ್ತಿದವಳ ಮುಖದಲ್ಲಿ ಬಹಳ ದಿನಗಳ ಮೇಲೆ ತುಂಟತನವಿತ್ತು.

ಅಳಿಸುವ ಕೆಲಸ ಸಂಜೆ ತನಕ ಹಿಡಿಯಿತು. ಮರುದಿನ ಬೈಕು ಹತ್ತಿ, ಕಾಲುವೆಯ ಗುಂಟ ಗೊರೇಬಾಳಕ್ಕೆ ಹೋದ.

ಕರಿಬಸಯ್ಯನ ಹಟ್ಟಿಯಲ್ಲಿ ಬೇವಿನ ಗಿಡದ ಕೆಳಗೆ ಕೆಂದ್ಯಾ ನಿಂತಿದ್ದ. ಶೇಖರಮ್ಮ ಗೋಣಿಚೀಲ ಹಾಸಿ ಕೊಟ್ಟು ತನ್ನ ಕೆಲಸಕ್ಕೆ ಹೋದಳು. ಜಾಹೀದ್ ಹಾಳೆ, ಪೆನ್ಸಿಲ್ಲು ತೊಡೆಯ ಮೇಲಿಟ್ಟುಕೊಂಡು ಕೂತ. ಕೂತ ಸ್ವಲ್ಪ ಹೊತ್ತಿಗೇ ಕೈ ಜೇಬಿಗೆ ಹೋಯಿತು. ಕೀಪ್ಯಾಡ್ ಫೋನನ್ನು ಮುಟ್ಟಿ ಬರಿದೇ ವಾಪಸು ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಇಷ್ಟೊತ್ತಿಗೆ ಯಾರು ಏನು ಬರೆದಿರಬಹುದು, ವಿಡಿಯೊ ಎಷ್ಟಕ್ಕೆ ಬಂದಿರಬಹುದು ಎಂದು ಜೀವ ಚಡಪಡಿಸಿತು. ಎತ್ತು ಮೆಲುಕು ಹಾಕುತ್ತ ಇವನನ್ನು ನೋಡಿತು. ಗೀಚಿದ ಮೊದಲ ಹಾಳೆಯಲ್ಲಿ ಎತ್ತಿಗಿಂತ ಎಮ್ಮೆಯ ಲಕ್ಷಣವೇ ಹೆಚ್ಚಿತ್ತು. ಅದನ್ನು ಮಡಚಿ ಅಡಿಗೆ ಹಾಕಿಕೊಂಡು ಕೂತ.

ಮಧ್ಯಾಹ್ನ ಶೇಖರಮ್ಮ ಹುಲ್ಲು ತಂದು ಮೇವು ಹಾಕುವ ಕಲ್ಲಿನ ಗ್ವಾದ್ಲಿಯ ತುಂಬ ಹರವಿದಳು. ಎರಡು ಎತ್ತು ಸಾಲಾಗಿ ನಿಂತು ಮೇಯುವಷ್ಟು ಉದ್ದದ ಗ್ವಾದ್ಲಿ ಅದು. ಕೆಂದ್ಯಾ ಎಡಬದಿಗೆ ನಿಂತು ತಿಂದ. ತನ್ನ ಮುಂದಿನದು ಮುಗಿದ ಮೇಲೆ ಬರಿ ಕಲ್ಲನ್ನು ನೆಕ್ಕಿದ. ಬಲಬದಿಯ ಹುಲ್ಲು ಹಾಗೇ ಇತ್ತು. ಹಗ್ಗ ಸಡಿಲವೇ ಇತ್ತು, ಕುತ್ತಿಗೆ ಚಾಚಿದ್ದರೆ ಸಿಗುತ್ತಿತ್ತು.

"ಯಾಕ್ರಿ ಅಮ್ಮಾರ, ಅದನ್ನ ತಿನ್ನವಲ್ದು?"

"ಅದು ಮಾಸ್ಯಾನ ಪಾಲು. ಬಾಯಿ ಹಾಕಂಗಿಲ್ಲ" ಎಂದಳು ಶೇಖರಮ್ಮ. "ಸಂಜೀಕ ನಾನ ತಗದು ಇತ್ತ ಹಾಕ್ತೀನಿ. ಆಗ ತಿಂತೈತಿ."

"ಮತ್ತ ಎರಡೂ ಕಡಿ ಯಾಕ ಹಾಕ್ತೀರಿ?"

ಅವಳು ಕೈಗಂಟಿದ ಹುಲ್ಲಿನ ಎಳೆಗಳನ್ನು ಕೊಡವಿಕೊಂಡಳು. "ಗೊತ್ತಿಲ್ಲೋ ಯಪ್ಪಾ. ಒಂದ ಕಡಿ ಹಾಕಾಕ ಕೈ ಬರವಲ್ದು."

ಜಾಹೀದನ ಕಣ್ಣು ತುಂಬಿತು. ತಲೆ ತಗ್ಗಿಸಿ ಪೆನ್ಸಿಲ್ಲು ಚೂಪು ಮಾಡಿದ. ಈ ಸಲ ಎತ್ತನ್ನು ಬರೆಯಲಿಲ್ಲ, ಅದರ ಬಲಕ್ಕೆ ಖಾಲಿ ಬಿಟ್ಟಿದ್ದ ಜಾಗವನ್ನು ಮೊದಲು ಗೆರೆ ಹಾಕಿ ಗುರುತಿಸಿಕೊಂಡ. ಕರಿಬಸಯ್ಯ ಹೊಲದಿಂದ ಬಂದವನು ಪಕ್ಕದಲ್ಲಿ ಕೂತು ಮಾಸ್ಯಾ ಹೇಗಿದ್ದನೆಂದು ಹೇಳುತ್ತ ಹೋದ. ಹೆಗಲ ಎತ್ತರ ಇಷ್ಟು ಎಂದು ತನ್ನ ಎದೆಯ ಮೇಲೆ ಕೈ ಇಟ್ಟು ತೋರಿಸಿದ. ನಿಂತರೆ ಮುಖ ಒಂದಿಷ್ಟು ಕೆಂದ್ಯಾನ ಕಡೆಗೇ ವಾಲುತ್ತಿತ್ತಂತೆ. ಎಡಗಣ್ಣಿನ ಕೆಳಗೆ ನೀರಿಳಿದ ಕಪ್ಪು ಗೀಟು. ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಕಿವಿ ಹಿಂದಕ್ಕೆ ಮಾಡುತ್ತಿದ್ದನಂತೆ. "ನಮ್ಮಾಕಿ ಬೈದ್ರ ಇಬ್ರೂ ಕಿವಿ ಹಿಂದ ಮಾಡ್ತಿದ್ವಿ, ನಾನೂ ಮಾಸ್ಯಾನೂ" ಎಂದು ನಕ್ಕ.

ಜಾಹೀದ್ ಮರುದಿನವೂ ಹೋದ, ಅದರ ಮರುದಿನವೂ. ಜೇಬಿಗೆ ಹೋಗುತ್ತಿದ್ದ ಕೈ ಹೋಗುವುದನ್ನು ಕಡಿಮೆ ಮಾಡಿತು. ಬುತ್ತಿ ಬಿಚ್ಚಿದರೆ ಪಲ್ಯದಲ್ಲಿ ಖಾರ ಜಾಸ್ತಿಯಾಗಿದೆಯೆಂದು ತಿಳಿಯುತ್ತಿತ್ತು. ರಾತ್ರಿ ಮನೆಗೆ ಹೋಗಿ ಅದನ್ನು ಹೇಳಿದಾಗ ನಗ್ಮಾ ಬೈಸಿಕೊಂಡವಳ ಹಾಗೆ ಅಲ್ಲ, ಹಬ್ಬದ ಸುದ್ದಿ ಕೇಳಿದವಳ ಹಾಗೆ ಅವನನ್ನು ನೋಡಿದಳು.

ಡೋರಿಗೆ ಉಸ್ತಾದರ ಕಾಲದ ಆಯಿಲ್ ಬಣ್ಣವನ್ನೇ ಹಚ್ಚಿದ. ಅದು ಒಣಗಲು ತನ್ನ ಹೊತ್ತನ್ನು ತಾನೇ ತೆಗೆದುಕೊಳ್ಳುತ್ತದೆ. ಒಂದು ಪದರ ಹಚ್ಚಿ, ಕಾಯುತ್ತ, ನಡುವೆ ಶೆಡ್ಡಿನ ಬಾಗಿಲಿಗೆ ಸುಮ್ಮನೆ ಒಂದು ಬಳ್ಳಿ ಬಿಡಿಸಿದ. ಯಾರೂ ಕೇಳಿರಲಿಲ್ಲ, ಯಾರಿಗೂ ತೋರಿಸಬೇಕಾಗಿಯೂ ಇರಲಿಲ್ಲ.

ಕೊಯ್ಲಿನ ಹಿಂದಿನ ದಿನ ಗಂಡ ಹೆಂಡತಿ ಟ್ರ್ಯಾಕ್ಟರ್ ತೆಗೆದುಕೊಂಡು ಬಂದರು. ಕಣ್ಣಿಲ್ಲದ ಎರಡು ಎತ್ತುಗಳು ತಮ್ಮ ತಮ್ಮ ಬದಿಗೆ ನಿಂತಿದ್ದವು. ಕರಿಬಸಯ್ಯ ಚಪ್ಪಲಿ ಬಿಟ್ಟು ನಿಂತ. ಶೇಖರಮ್ಮ ಚೀಲದಿಂದ ಕಾಯಿ ತೆಗೆದಳು. ಊದುಬತ್ತಿಯ ಹೊಗೆಯಲ್ಲಿ ಜಾಹೀದ್ ಕಣ್ಣಿಡಲು ಕೂತ. ಮೊಣಕೈ ಡೋರಿಗೆ ಆನಿಸಿ, ಬೆನ್ನು ಎಲ್ಲರ ಕಡೆ ಮಾಡಿ, ಪೇಂಟರು ಕೂರುವ ಹಾಗೇ ಕೂತ. ಕೆಂದ್ಯಾನದಾಯಿತು. ಮಾಸ್ಯಾನ ಎಡಗಣ್ಣಿಟ್ಟು, ಕೆಳಗೆ ಕಪ್ಪು ಗೀಟು ಎಳೆದಾಗ ಹಿಂದಿನಿಂದ ಶೇಖರಮ್ಮ, "ಇನ್ನೊಂದೀಟು ಕೆಳಗ" ಎಂದಳು.

"ಫೋನು ತರಲೇನು?" ಎಂದು ನಗ್ಮಾ ಬಾಗಿಲಲ್ಲಿ ನಿಂತು ಕೇಳಿದಳು. ನಿಜವಾಗಿಯೂ ಕೇಳಿದಳು, ಪರೀಕ್ಷೆಗಲ್ಲ.

"ಬ್ಯಾಡ, ನೀನ ಬಾ" ಎಂದ. ಅವಳು ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ನಿಂತಳು.

ಬಣ್ಣ ಇನ್ನೂ ಹಸಿಯಿತ್ತು. ನಾಳೆಯೇ ಕೊಯ್ಲು, ಬಿಡುವ ಹಾಗಿರಲಿಲ್ಲ. ಯಾರ ಕೈಯೂ ತಾಕದಂತೆ ನೋಡಿಕೊಳ್ಳಲು ಜಾಹೀದ್ ತಾನೇ ಟ್ರಾಲಿಯಲ್ಲಿ ಕೂತು ಗೊರೇಬಾಳದ ತನಕ ಹೋದ. ಕರಿಬಸಯ್ಯ ಟ್ರಾಲಿಯನ್ನು ಹಟ್ಟಿಯೊಳಗೆ ಹಿಂದಕ್ಕೆ ಬಿಟ್ಟು, ಡೋರು ಬೇವಿನ ಗಿಡದ ಕಡೆ ಬರುವಂತೆ ನಿಲ್ಲಿಸಿದ.

ಕೆಂದ್ಯಾ ಕತ್ತೆತ್ತಿದ. ಬಣ್ಣದ ಘಾಟಿಗೆ ಒಮ್ಮೆ ಗಟ್ಟಿಯಾಗಿ ಸೀನಿದ. ಹಗ್ಗ ಬಿಗಿಯುವ ತನಕ ಮುಂದೆ ಬಂದು, ಮೂಗನ್ನು ಡೋರಿನ ಹತ್ತಿರ ಒಯ್ದು ಮೂಸಿದ. ಅವನಿಗೆ ಏನು ಕಂಡಿತೋ, ಎಣ್ಣೆಯ ವಾಸನೆಯೇ ಹಿಡಿಸಿತೋ, ಹೇಳುವವರಾರು. ಮುಖ ಓರೆ ಮಾಡಿ ತನ್ನ ಗದ್ದವನ್ನು ಮಾಸ್ಯಾನ ಕುತ್ತಿಗೆಗೆ ಒರಗಿಸಿ, ಮೇಲಿಂದ ಕೆಳಕ್ಕೆ ಒಮ್ಮೆ ನಿಧಾನವಾಗಿ ಉಜ್ಜಿದ.

ಜಾಹೀದ್ ಹಾರಿ ಇಳಿಯಲು ಹೋದ. ಟ್ರ್ಯಾಕ್ಟರಿನಿಂದ ಇಳಿದು ಬಂದಿದ್ದ ಕರಿಬಸಯ್ಯ ಅವನ ತೋಳು ಹಿಡಿದ. ಮೂವರೂ ನಿಂತು ನೋಡಿದರು.

ಎತ್ತು ತನ್ನ ಜಾಗಕ್ಕೆ ಹೋದ ಮೇಲೆ ಜಾಹೀದ್ ಇಳಿದು ನೋಡಿದ. ಮಾಸ್ಯಾನ ಕುತ್ತಿಗೆಯ ಮೇಲೆ ಬಣ್ಣ ಅಂಗೈ ಅಗಲ ಕಲಸಿಹೋಗಿತ್ತು.

"ಡಬ್ಬಿ ತಂದೀನ್ರಿ. ಒಂದು ಕೈ ಹಚ್ಚಿಬಿಡ್ತೀನಿ" ಎಂದ.

"ಹಚ್ಚಬ್ಯಾಡ" ಎಂದಳು ಶೇಖರಮ್ಮ.

ಬೂದಿ ಬಣ್ಣದ ನಡುವೆ ಕೆಂದ್ಯಾನ ಎರಡು ಕೆಂಪು ಕೂದಲು ಅಂಟಿಕೊಂಡಿದ್ದವು. ಸಂಜೆಯ ಬಿಸಿಲಿಗೆ ಬಣ್ಣ ಅವುಗಳ ಸುತ್ತ ನಿಧಾನಕ್ಕೆ ಒಣಗುತ್ತಿತ್ತು.