ಕುಳಿತುಕೊಳ್ಳುವ ಎತ್ತರ

ಎಂಜಿನಿಯರ್ ವಿರೂಪಾಕ್ಷಿ ಕಂಪ್ಯೂಟರಿನಲ್ಲಿ ತೋರಿಸಿದ ಮನೆಯ ಮುಂದೆ ಬಿಳಿ ಕಾರೊಂದು ನಿಂತಿತ್ತು. ಕಾರಿನ ಪಕ್ಕದಲ್ಲಿ ಕೋಟು ತೊಟ್ಟ ವಿದೇಶಿಯೊಬ್ಬ ನಿಂತಿದ್ದ. ಹೊನ್ನೂರಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಇವನ್ಯಾರಪ್ಪ?"

ಚಿತ್ರ ಲಕ್ಷಣವಾಗಿ ಕಾಣಲಿ ಎಂದು ಹಾಕುವ ಮನುಷ್ಯ, ನಿಜವಾದವನಲ್ಲ ಎಂದು ವಿರೂಪಾಕ್ಷಿ ವಿವರಿಸಿದ.

"ಪಾಪ, ನಿಂತ ಅದಾನಲ್ಲ," ಎಂದರು ಹೊನ್ನೂರಮ್ಮ. "ಕುಂದ್ರಾಕ ಕಟ್ಟಿ ಎಲ್ಲೈತಿ?"

ಕಟ್ಟೆ ಇರಲಿಲ್ಲ. ಹೋದ ತಿಂಗಳ ನಕ್ಷೆಯಲ್ಲಿ ಇತ್ತು. ಅಂದಾಜು ಪಟ್ಟಿ ಇಪ್ಪತ್ಮೂರು ಲಕ್ಷ ಎಂಬತ್ತು ಸಾವಿರ ದಾಟಿದ್ದರಿಂದ ತಾನೇ ತೆಗೆದೆ ಎಂದು ವಿರೂಪಾಕ್ಷಿ ಒಪ್ಪಿಕೊಂಡ. ಮನೆಯವರ ಕೈಯಲ್ಲಿದ್ದದ್ದು ಇಪ್ಪತ್ತೊಂದು ಲಕ್ಷ. ಹದಿನಾರು ಲಕ್ಷ ಬ್ಯಾಂಕಿನ ಸಾಲ, ಐದು ಲಕ್ಷ ಉಳಿತಾಯ. ಸಾಲ ಇಬ್ಬರು ಮಕ್ಕಳ ಹೆಸರಿನಲ್ಲಿತ್ತು. ಮಗಳು ಪಂಪಾವತಿ ಸಿರುಗುಪ್ಪದ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಅವಳ ತಮ್ಮ ಭೀಮರಾಜ ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಕ್ರೇನ್ ಆಪರೇಟರ್. ಮನೆ ಏಳಬೇಕಾದದ್ದು ಕುರುಗೋಡಿನ ದಲಿತ ಕೇರಿಯಲ್ಲಿ, ಅವರ ತಂದೆ ಚಿನ್ನಪ್ಪನವರ ಹೆಸರಿನಲ್ಲಿದ್ದ ಮೂವತ್ತು ನಲವತ್ತರ ಜಾಗದಲ್ಲಿ.

ಕಟ್ಟೆಗೆ ಐವತ್ತೈದು ಸಾವಿರ ಹಿಡಿಯುತ್ತದೆ ಎಂದ ವಿರೂಪಾಕ್ಷಿ. ಮೇಲೆ ಹಾಸುವ ಬಂಡೆಗಿಂತ ಹೆಚ್ಚಿನ ಖರ್ಚು ಬೇರೆಯಿತ್ತು. ಮುಂದಿನ ಗೋಡೆಯನ್ನು ಎರಡು ಅಡಿ ಹಿಂದಕ್ಕೆ ತರಬೇಕು, ನೆರಳಿಗೆ ಸ್ಲ್ಯಾಬ್ ಹೊರಚಾಚಬೇಕು, ಹಾಲ್ ಕಿರಿದಾಗುತ್ತದೆ. ಈಗ ಯಾರೂ ಕಟ್ಟೆ ಕೇಳುವುದಿಲ್ಲ, ಕಾಂಪೌಂಡು ಗೇಟು ಕೇಳುತ್ತಾರೆ ಎಂದೂ ಸೇರಿಸಿದ.

ಪಂಪಾವತಿ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಮೊದಲು ದೇವರ ಕೋಣೆ ಹೊಡೆದುಹಾಕಿದಳು. ಬುದ್ಧನಿಗೆ ಹಾಲ್ ಗೋಡೆಯಲ್ಲಿ ಒಂದು ಗೂಡು ಸಾಕು ಎಂದಳು. ಎಲ್ಲಮ್ಮನಿಗೂ ಅದರ ಪಕ್ಕ ಒಂದು ಇರಲಿ ಎಂದರು ಹೊನ್ನೂರಮ್ಮ. ಫಾಲ್ಸ್ ಸೀಲಿಂಗ್ ಹೋಯಿತು. ಮಹಡಿಯ ಮೇಲಿನ ಕೋಣೆಯೂ ಕಾಂಪೌಂಡೂ ಹೋದವು. ಪೆನ್ನು 'ಎಲಿವೇಶನ್' ಎಂಬ ಸಾಲಿಗೆ ಬಂದಾಗ ಭೀಮರಾಜ ಅವಳ ಕೈ ಹಿಡಿದ. ಮುಂಭಾಗಕ್ಕೆ ಹಚ್ಚುವ ಟೈಲ್ಸು, ದೀಪ, ಕಂದು ಬಣ್ಣದ ಪಟ್ಟಿ ಎಲ್ಲ ಸೇರಿ ಒಂದು ಲಕ್ಷ ಹತ್ತು ಸಾವಿರ. ಚಿತ್ರವನ್ನು ಅವನು ಆಗಲೇ ಕಾರ್ಖಾನೆಯ ಗೆಳೆಯರಿಗೆಲ್ಲ ಕಳಿಸಿಯಾಗಿತ್ತು.

ಎಲಿವೇಶನ್ ಉಳಿಯಿತು. ಕಟ್ಟೆ ಪಟ್ಟಿಗೆ ಮರಳಿತು.

ಕಟ್ಟೆಯ ಯೋಚನೆ ಪಂಪಾವತಿಗೆ ಹುಟ್ಟಿದ್ದು ಆಸ್ಪತ್ರೆಯಲ್ಲಿ. ಎರಡು ವರ್ಷದ ಹಿಂದೆ ಚಿನ್ನಪ್ಪ ಡೆಂಗಿ ಜ್ವರ ಬಂದು ಸಿರುಗುಪ್ಪದಲ್ಲಿ ಮಲಗಿದ್ದರು. ಅವರ ಕೈಗೆ ಸಲೈನ್ ಸೂಜಿ ಹಾಕಿದವಳು ಅವಳೇ. ಕುರುಗೋಡಿನ ಹೊಲದೊಡೆಯ ದೊಡ್ಡಬಸವರಾಜ ಪಕ್ಕದ ಮಂಚದಲ್ಲಿದ್ದ ತನ್ನ ಸಂಬಂಧಿಕನನ್ನು ನೋಡಲು ವಾರ್ಡಿಗೆ ಬಂದ. ಚಿನ್ನಪ್ಪನವರ ಕಡೆಗೆ ಅವನು ತಿರುಗಲೂ ಇಲ್ಲ. ಚಿನ್ನಪ್ಪ ಮಂಚದಿಂದ ಇಳಿದು ನಿಂತರು. ಸೂಜಿ ಕಿತ್ತುಬಂತು. ರಕ್ತ ಮುಂಗೈಯಿಂದ ಬೆರಳಿಗಿಳಿದು ನೆಲಕ್ಕೆ ಹನಿಯಿತು. ಅವನು ಹೊರಗೆ ಹೋಗುವವರೆಗೂ ಅವರು ನಿಂತೇ ಇದ್ದರು.

ಏಳು ಎಂದು ಯಾರೂ ಹೇಳಿರಲಿಲ್ಲ. ಹಾಗೆ ಹೇಳುವುದು ಕೇರಿಯಲ್ಲಿ ನಿಂತು ಮೂವತ್ತು ವರ್ಷವಾಗಿರಬೇಕು. ಆದರೆ ಚಿನ್ನಪ್ಪ ಬೆಳೆದದ್ದು ಅದಕ್ಕೂ ಹಿಂದೆ. ಹೊಲಕ್ಕೆ ಹೋಗುವ ದಾರಿ ಕೇರಿಯ ನಡುವೆ ಹಾದುಹೋಗುತ್ತದೆ. ಹೊಲದ ಒಡೆಯರು ಬಂದರೆ ಕುಳಿತವರು ಏಳಬೇಕಿತ್ತು, ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಳ್ಳಬೇಕಿತ್ತು. ಊರೊಳಗಿನ ಮನೆಗಳಿಗೆಲ್ಲ ಕಟ್ಟೆ ಇದ್ದು ಕೇರಿಯ ಮನೆಗಳಿಗೆ ಇಲ್ಲದ್ದಕ್ಕೆ ಅದೇ ಕಾರಣ. ದಿನಕ್ಕೆ ಹತ್ತು ಸಲ ಏಳಬೇಕಾದವನು ಕಟ್ಟೆ ಕಟ್ಟಿಸಿ ಮಾಡುವುದೇನು?

ಪಂಪಾವತಿ ಇದನ್ನು ಎಂಜಿನಿಯರಿಗೆ ಹೇಳಲಿಲ್ಲ. ಹದಿನೆಂಟು ಇಂಚು ಎತ್ತರ, ಹನ್ನೆರಡು ಅಡಿ ಉದ್ದ ಎಂದಷ್ಟೇ ಬರೆಸಿದಳು.

ತಳಪಾಯ ಮುಗಿದು ಗೋಡೆ ಎದೆಮಟ್ಟಕ್ಕೆ ಬಂದಾಗ ದೊಡ್ಡಬಸವರಾಜ ಬುಲೆಟ್ ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ. ದಾರಿಯ ಕೊನೆಯ ಮೆಣಸಿನಕಾಯಿ ಹೊಲ ಅವನದು. ಕಟ್ಟಡಕ್ಕೆ ನೀರು ಬರುತ್ತಿದ್ದದ್ದೂ ಆ ಹೊಲದ ಬೋರಿನಿಂದ, ತಿಂಗಳ ಬಾಡಿಗೆಯ ಮೇಲೆ.

"ಸಿಸ್ಟರ್, ಮನಿ ಗಟ್ಟಿ ಆಗಾಕತೈತಿ. ಮುಂದ ಅದೇನು ಜಾಗ ಬಿಟ್ಟೀರಿ?"

ಕಟ್ಟೆಗೆ ಎಂದಳು ಪಂಪಾವತಿ. ಅವನು ನಕ್ಕ. ಈ ದಾರಿಯಲ್ಲಿ ತಮ್ಮ ಮನೆಯ ಹೆಣ್ಣುಮಕ್ಕಳು ಹೊಲಕ್ಕೆ ಓಡಾಡುತ್ತಾರೆ, ಕಟ್ಟೆ ಎಂದರೆ ನಾಲ್ಕು ಜನ ಹುಡುಗರು ಬಂದು ಕೂರುತ್ತಾರೆ, ಕಾಂಪೌಂಡ್ ಹಾಕಿಸಿಕೊಂಡರೆ ನಿಮಗೇ ಸೇಫು ಎಂದ.

"ನಿಮ್ಮ ಮನಿ ಮುಂದೂ ಕಟ್ಟಿ ಐತಲ್ರಿ," ಎಂದಳು ಪಂಪಾವತಿ. "ಅದರ ಮುಂದನ ನಾನು ಹತ್ತು ವರ್ಷ ಸಾಲಿಗೆ ಹೋಗೀನಿ. ಅದರ ಮ್ಯಾಲೆ ಕುಂತೋರು ಏನೇನು ಅಂತಿದ್ರು ಅಂತ ಇನ್ನೂ ನೆಪ್ಪೈತಿ."

"ಅದು ಹಳೇದು."

"ಇದು ಹೊಸಾದ್ರಿ."

ಮಾತು ಅಷ್ಟೇ. ವಾರದೊಳಗೆ ಬೋರಿನ ಮೋಟರ್ ಸುಟ್ಟಿದೆ ಎಂದು ಆಳು ಬಂದು ಪೈಪು ಸುತ್ತಿಕೊಂಡು ಹೋದ. ಸುಟ್ಟ ಮೋಟರಿನಿಂದ ಮೆಣಸಿನಕಾಯಿ ಹೊಲಕ್ಕೆ ಮಾತ್ರ ನೀರು ಹರಿಯುತ್ತಲೇ ಇತ್ತು. ಪುರಸಭೆಯ ನಲ್ಲಿ ಕುಡಿಯುವುದಕ್ಕೇ ಸಾಲದು. ಪಂಪಾವತಿ ಟ್ಯಾಂಕರಿನವನ ಜತೆ ಮಾತಾಡಿ ಲೋಡಿಗೆ ಒಂಬೈನೂರಕ್ಕೆ ಒಪ್ಪಿಸಿದಳು. ಆ ಖರ್ಚು ಪಟ್ಟಿಯಲ್ಲಿ ಇರಲಿಲ್ಲ. ಎಲಿವೇಶನ್ ಹೋಯಿತು.

ಭೀಮರಾಜ ಫೋನ್ ಮಾಡಿದ. ಕಟ್ಟೆ ಬಿಟ್ಟುಕೊಟ್ಟಿದ್ದರೆ ನೀರೂ ಬರುತ್ತಿತ್ತು, ಮನೆಗೊಂದು ಮುಖವೂ ಇರುತ್ತಿತ್ತು ಎಂದ. ಕ್ರೇನಿನ ಮೇಲೆ ಕೂತವನಿಗೆ ನೆಲದ ಮೇಲೆ ಕೂರುವವರ ಕಷ್ಟ ಕಾಣುವುದಿಲ್ಲ ಎಂದು ಅಕ್ಕ ಹಂಗಿಸಿದಳು. ಅವನು ಫೋನ್ ಇಟ್ಟ. ಮರುದಿನ ಟ್ಯಾಂಕರಿಗೆಂದು ಹತ್ತು ಸಾವಿರ ಕಳಿಸಿದ.

ಫೆಬ್ರವರಿಯಲ್ಲಿ ಸ್ಲ್ಯಾಬ್ ಹಾಕಿದರು. ಹಸಿ ಸ್ಲ್ಯಾಬಿನ ಮೇಲೆ ಮಣ್ಣಿನ ಪಾತಿ ಕಟ್ಟಿ ಎರಡು ವಾರವಾದರೂ ನೀರು ನಿಲ್ಲಿಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಆ ವಾರ ಪಂಪಾವತಿಗೆ ರಜೆ ಸಿಗಲಿಲ್ಲ. ಭಾನುವಾರ ಬೆಳಿಗ್ಗೆ ಸಿರುಗುಪ್ಪದಿಂದ ಬಂದವಳಿಗೆ ಮೊದಲು ಕಂಡದ್ದು ಪೈಪು. ಹೊಲದಿಂದ ಬಂದು ಗೋಡೆ ಹತ್ತಿತ್ತು. ಪಾತಿ ತುಂಬಿ ನೀರು ಅಂಚಿನಿಂದ ಸೋರುತ್ತಿತ್ತು. ಎರಡನೆಯದಾಗಿ ಕಂಡದ್ದು ಕಟ್ಟೆ. ಕಟ್ಟಿ, ಗಾರೆ ಮಾಡಿ, ಮೇಲೆ ಗೋಣಿಚೀಲ ಹೊದಿಸಿದ್ದರು. ಗೋಣಿ ಸರಿಸಿ ಅವಳು ಕೈಚೀಲವನ್ನು ಅದರ ಮೇಲಿಟ್ಟಳು. ಚೀಲ ಜಾರಿ ಕೆಳಗೆ ಬಿತ್ತು. ಮತ್ತೆ ಇಟ್ಟಳು. ಮತ್ತೆ ಬಿತ್ತು.

ಕಟ್ಟೆಯ ಮೇಲ್ಭಾಗ ಗೋಡೆಯಿಂದ ದಾರಿಯ ಕಡೆಗೆ ಇಳಿಜಾರಾಗಿತ್ತು. ಕೂರಲು ನೋಡಿದಳು. ಹಿಮ್ಮಡಿ ಊರಿಕೊಂಡರೂ ಮೈ ಮುಂದಕ್ಕೆ ಜಾರುತ್ತಿತ್ತು.

ಮೇಸ್ತ್ರಿ ಪರಶು ಕರಣಿ ತೊಳೆಯುತ್ತ ನಿಂತಿದ್ದ. "ಅಪ್ಪಾರು ಹೇಳಿದ್ರು ಅಕ್ಕಾರ. ಮಳಿನೀರು ಹರದು ಹೋಗಲಿ ಅಂದ್ರು."

ಮಳೆಗೆ ಬೆರಳು ದಪ್ಪದ ಇಳಿಜಾರು ಸಾಕು, ಇದು ಗೇಣಿನಷ್ಟಿದೆ, ಅದೂ ಮೇಲೆ ಸ್ಲ್ಯಾಬಿನ ನೆರಳಿರುವಾಗ ಎಂದಳು ಪಂಪಾವತಿ. ಪರಶು ತೊಳೆದ ಕರಣಿಯನ್ನೇ ಮತ್ತೆ ತೊಳೆದ.

ಚಿನ್ನಪ್ಪ ಒಳಗೆ, ಬಾಗಿಲಿಲ್ಲದ ಹಾಲಿನಲ್ಲಿ, ಉಳಿದ ಸಿಮೆಂಟ್ ಚೀಲಗಳನ್ನು ಗೋಡೆಯಿಂದ ದೂರಕ್ಕೆ ಸರಿಸುತ್ತಿದ್ದರು. ಮಗಳು ಕೇಳುವ ಮೊದಲೇ ಎಲ್ಲವನ್ನೂ ಹೇಳಿದರು. ಟ್ಯಾಂಕರಿಗೆ ಹೋಗುತ್ತಿದ್ದ ದುಡ್ಡು ನೋಡಿ ತಡೆಯಲಾರದೆ ತಾವೇ ದೊಡ್ಡಬಸವರಾಜನ ಮನೆಗೆ ಹೋಗಿದ್ದರು. ಕಟ್ಟೆ ಕಟ್ಟಿಕೊಳ್ಳಿ, ಕೂರುವಂತೆ ಇರಬಾರದು ಅಷ್ಟೇ ಎಂದು ಅವನು ಹೇಳಿದ್ದ. ಅದೇ ಸಂಜೆ ಪೈಪು ಬಂತು.

"ನಿನ್ನ ಕಟ್ಟಿನೂ ಆತು, ಅವರ ಮಾತೂ ಉಳೀತು," ಎಂದರು ಚಿನ್ನಪ್ಪ. ದನಿಯಲ್ಲಿ ಒಳ್ಳೆಯ ವ್ಯಾಪಾರ ಕುದುರಿಸಿದವನ ಸಮಾಧಾನವಿತ್ತು. "ನೋಡಿದವರಿಗೆ ಕಟ್ಟಿ ಅನಸ್ತೈತಿ. ಯಾರಿಗೂ ತ್ರಾಸಿಲ್ಲ."

"ಅವರ ಮನ್ಯಾಗ ಈ ಮಾತು ಆಡುವಾಗ ನೀ ಎಲ್ಲಿ ಕುಂತಿದ್ದಿ ಯಪ್ಪಾ?"

ಚಿನ್ನಪ್ಪ ಸಿಮೆಂಟ್ ಚೀಲದ ಮೇಲಿನ ಧೂಳು ಒರೆಸಿದರು.

ಪಂಪಾವತಿ ಹೊರಗೆ ಬಂದು ಪರಶುವಿಗೆ ಕಟ್ಟೆ ಒಡೆಯಲು ಹೇಳಿದಳು. ಒಡೆದರೆ ಪೈಪು ಮತ್ತೆ ಹೋಗುತ್ತದೆ, ಸ್ಲ್ಯಾಬು ಇನ್ನೂ ಹಸಿಯಿದೆ, ಮತ್ತೆ ಕಟ್ಟಲು ಸಿಮೆಂಟು, ಕೂಲಿ, ಮೇಲೆ ಟ್ಯಾಂಕರು ಎಂದು ಪರಶು ಒಂದೊಂದಾಗಿ ಹೇಳಿದ. ಅವಳು ಅಲ್ಲೇ ಲೆಕ್ಕ ಹಾಕಿದಳು. ನಲವತ್ತು ಸಾವಿರದ ಹತ್ತಿರ ಬಂತು. ಪಟ್ಟಿಯಲ್ಲಿ ಕಡಿಯಬಹುದಾದದ್ದು ಇನ್ನು ಒಂದೇ ಉಳಿದಿತ್ತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿ ಹೊನ್ನೂರಮ್ಮ ಆರಿಸಿದ್ದ ಸಾಗುವಾನಿ ಮುಂಬಾಗಿಲು. ಮುಂಗಡ ಇನ್ನೂ ಕೊಟ್ಟಿರಲಿಲ್ಲ. ಅವಳು ತಾಯಿಯ ಕಡೆ ನೋಡಿದಳು, ಕೇಳಲಿಲ್ಲ.

ಹೊನ್ನೂರಮ್ಮ ಇಳಿಜಾರಿನ ಮೇಲೆ ಅಂಗೈ ಆಡಿಸಿ ನೋಡುತ್ತಿದ್ದರು.

"ತಗಡಿನ ಬಾಗ್ಲಾ ಹಾಕ್ಸು," ಎಂದರು. "ಹಗಲೆಲ್ಲ ಹೊರಗ ಕುಂತೋರಿಗೆ ಬಾಗ್ಲಾ ಯಾವುದಾದ್ರ ಏನು." ಆಮೇಲೆ ಗಂಡನಿಗೆ ಕೇಳಿಸುವಂತೆ ಹೇಳಿದರು: "ನಾನು ಈ ಮನಿಗೆ ಸೊಸಿಯಾಗಿ ಬಂದಾಗಿಂದ ಹೊಸ್ತಿಲದ ಒಳಗ ಕುಂತು ಅಕ್ಕಿ ಆರಿಸೀನಿ. ಕಣ್ಣು ಹೋದವು ಕತ್ತಲದಾಗ."

ಪರಶು ಸುತ್ತಿಗೆ ತಂದ.

ಪಂಪಾವತಿ ಸೋಮವಾರಕ್ಕೆ ರಜೆ ಹಾಕಿದಳು, ಎರಡು ಲೋಡ್ ನೀರಿಗೂ ಹೇಳಿದಳು. ಬೆಳಿಗ್ಗೆ ಪರಶು ಮೊದಲಿನ ಹದಿನೆಂಟು ಇಂಚಿಗೇ ದಾರ ಕಟ್ಟಲು ಹೋದಾಗ ಅವಳು ತಡೆದಳು. ಈ ಸಲ ಕೂರುವವರ ಕಾಲಿಗೆ ಅಳೆದು ಕಟ್ಟು ಎಂದು ಅಪ್ಪನನ್ನು ತೋರಿಸಿದಳು. ಚಿನ್ನಪ್ಪ ತಮ್ಮದು ಬೇಡ, ನಿಮ್ಮವ್ವನ ಕಾಲು ಅಳೆಯಲಿ ಎಂದರು. ತಾನು ಗಿಡ್ಡಿ, ತನಗೆ ಅಳೆದರೆ ಕೇರಿಯವರೆಲ್ಲ ಮೊಣಕಾಲು ಮಡಚಿಕೊಂಡು ಕೂರಬೇಕಾಗುತ್ತದೆ ಎಂದರು ಹೊನ್ನೂರಮ್ಮ.

ಕಟ್ಟೆಯಿದ್ದ ಜಾಗದಲ್ಲಿ ಪರಶು ಇಟ್ಟಿಗೆ ಪೇರಿಸಿದ. ಚಿನ್ನಪ್ಪ ದಾರಿಗೆ ಮುಖ ಮಾಡಿ ಅದರ ಮೇಲೆ ಕುಳಿತರು. ಪರಶು ಒಂದು ಸಾಲು ತೆಗೆದ, ಒಂದು ಸಾಲು ಏರಿಸಿದ. ಪಾದ ನೆಲಕ್ಕೆ ಪೂರ್ತಿ ಊರಿದಾಗ ಪರಶು ಮಂಡಿಯೂರಿ ಟೇಪು ಬಿಚ್ಚಿದ. ಅದರ ತುದಿಯನ್ನು ಹೊನ್ನೂರಮ್ಮ ಗಂಡನ ಹಿಮ್ಮಡಿಯ ಪಕ್ಕ ಒತ್ತಿ ಹಿಡಿದರು.

ಆಗ ಬುಲೆಟ್ಟಿನ ಸದ್ದು ಬಂತು.

ಚಿನ್ನಪ್ಪನವರ ಎಡಗೈ ಹೆಗಲಿನ ಟವೆಲನ್ನು ಎಳೆದುಕೊಂಡಿತು. ಬಲಗೈ ಮೊಣಕಾಲಿನ ಮೇಲೆ ಊರಿತು. ಬೆನ್ನು ಮುಂದಕ್ಕೆ ಬಾಗಿತು.

"ಅಲುಗಬ್ಯಾಡ್ರಿ ಅಪ್ಪಾರ," ಎಂದ ಪರಶು, ತಲೆ ಎತ್ತದೆ. "ಅಳತಿ ತಪ್ಪತೈತಿ."

ಹೊನ್ನೂರಮ್ಮ ಟೇಪಿನ ತುದಿ ಬಿಡಲಿಲ್ಲ. ಇನ್ನೊಂದು ಕೈಯಿಂದ ಗಂಡನ ಪಾದ ಹಿಡಿದುಕೊಂಡರು.

ಬುಲೆಟ್ ನಿಧಾನವಾಯಿತು. ದೊಡ್ಡಬಸವರಾಜ ಒಡೆದ ಗಾರೆಯ ರಾಶಿ ನೋಡಿದ, ಇಟ್ಟಿಗೆ ನೋಡಿದ, ಇಟ್ಟಿಗೆಯ ಮೇಲೆ ಕುಳಿತವರನ್ನು ನೋಡಿದ. "ಏನಲೇ ಚಿನ್ನಪ್ಪ, ನೀರು ಸಾಕಾತೇನು?"

ಪಂಪಾವತಿ ಬಾಯಿ ತೆರೆದಳು. ಅಷ್ಟರಲ್ಲಿ ಚಿನ್ನಪ್ಪನವರೇ ಮಾತಾಡಿದರು.

"ಅಳತಿ ನಡದೈತಿ ದಣಿ. ಏಳಾಕ ಆಗಂಗಿಲ್ಲ."

ಬುಲೆಟ್ ಸ್ವಲ್ಪ ಹೊತ್ತು ಅಲ್ಲೇ ಗುಡುಗಿತು. ಆಮೇಲೆ ಹೊಲದ ಕಡೆ ಹೋಯಿತು. ಇನ್ನೊಂದು ಗಳಿಗೆಗೆ ಸ್ಲ್ಯಾಬಿನ ಮೇಲಿನ ಪೈಪು ಒಮ್ಮೆ ಕೆಮ್ಮಿ ಒಣಗಿತು. ಪಂಪಾವತಿ ಟ್ಯಾಂಕರಿನವನಿಗೆ ಫೋನ್ ಹಚ್ಚಿದಳು. ಬಸ್ ನಿಲ್ದಾಣ ದಾಟಿದೀನಿ ಎಂದ ಅವನು.

"ಹದಿನೇಳೂವರೆ," ಎಂದ ಪರಶು. ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಟೇಪು ಸುತ್ತಿಕೊಂಡ. "ಆತ್ರಿ ಅಪ್ಪಾರ. ಇನ್ನ ಏಳ್ರಿ."

ಚಿನ್ನಪ್ಪ ಏಳಲಿಲ್ಲ. ಕೈಯಲ್ಲಿದ್ದ ಟವೆಲಿನಿಂದ ಮುಖ ಒರೆಸಿಕೊಂಡು ಅದನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. ಹೊಲದಿಂದ ಊರಿಗೆ ಮರಳಲು ಇರುವುದು ಇದೊಂದೇ ದಾರಿ. ಅದರ ಕೊನೆಯನ್ನು ನೋಡುತ್ತ ಕುಳಿತರು.

"ಇನ್ನೊಂದ್ಸಲ ಅಳಿ," ಎಂದರು. "ಅವಸರ ಇಲ್ಲ."